ಸವನ್ನಾ ಸಫಾರಿ: ರಜೆಯ ಲೆಕ್ಕದಿಂದ ಮರಳುವ ವಿಮಾನದವರೆಗೆ

ಪೂರ್ವ ಆಫ್ರಿಕಾದ ಸಫಾರಿಗೆ ಹೊರಡುವ ಮನಸ್ಸು ಮಾಡಿದವರು ಮೊದಲು ಕೇಳುವುದು ಒಟ್ಟು ಎಷ್ಟು ಖರ್ಚಾಗುತ್ತದೆ ಎಂದು. ಆಮೇಲೆ ಯಾವ ಹೋಟೆಲು, ಯಾವ ವಿಮಾನ ಎಂಬ ವಿಚಾರಣೆ. ಅಲ್ಲಿ ಮಳೆ ಯಾವಾಗ ಬೀಳುತ್ತದೆ ಎಂದು ಕೇಳುವವರು ತೀರಾ ಕಡಿಮೆ. ತಾಂಜಾನಿಯಾದ ಸೆರೆಂಗೆಟಿ, ಕೆನ್ಯಾದ ಮಾಸಾಯಿ ಮಾರಾ ಎರಡೂ ಒಂದೇ ಸವನ್ನಾದ, ಅಂದರೆ ವಿಶಾಲ ಹುಲ್ಲುಗಾವಲಿನ, ಭಾಗಗಳು. ಆ ಬಯಲಿನಲ್ಲಿ ಹುಲ್ಲು ಎಲ್ಲಿ ಚಿಗುರುತ್ತದೆ, ಹಿಂಡು ಯಾವ ಕಡೆ ನಡೆಯುತ್ತದೆ, ನಿಮ್ಮ ಜೀಪು ಮುಂದೆ ಹೋಗುತ್ತದೋ ಕೆಸರಿನಲ್ಲಿ ಕೂರುತ್ತದೋ ಎಂಬುದನ್ನೆಲ್ಲ ತೀರ್ಮಾನಿಸುವುದು ಮಳೆ. ಬೆಲೆಯೂ ಅದರ ಹಿಂದೆಯೇ ಏರಿಳಿಯುತ್ತದೆ. ಹಾಗಾಗಿ ಲೆಕ್ಕವನ್ನು ಅಲ್ಲಿಂದಲೇ ಶುರು ಮಾಡೋಣ. ಕರ್ನಾಟಕದಿಂದ ಮೊದಲ ಬಾರಿಗೆ, ಸ್ವಂತ ದುಡ್ಡಿನಲ್ಲಿ, ಬಹುಶಃ ಮಕ್ಕಳನ್ನೂ ಕರೆದುಕೊಂಡು ಹೋಗುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ಇದು.

ಹೆಜ್ಜೆ 1: ಶಾಲೆಯ ರಜೆಯನ್ನು ಅಲ್ಲಿನ ಮಳೆಗೆ ಹೊಂದಿಸಿ

ಅಲ್ಲಿ ವರ್ಷಕ್ಕೆ ಎರಡು ಮಳೆಗಾಲ. ಮಾರ್ಚ್ ನಡುವಿನಿಂದ ಮೇವರೆಗೆ ಜೋರು ಮಳೆ. ನವೆಂಬರ್ ಮತ್ತು ಡಿಸೆಂಬರ್ ಮೊದಲ ಭಾಗದಲ್ಲಿ ಸಣ್ಣ ಮಳೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಒಣಗಾಲ. ನಮ್ಮ ಕುಟುಂಬಗಳಿಗೆ ಬರುವ ಮೊದಲ ತೊಡಕು ಇಲ್ಲಿಯೇ: ಕರ್ನಾಟಕದ ಶಾಲೆಗಳ ಬೇಸಿಗೆ ರಜೆ ಏಪ್ರಿಲ್–ಮೇ ತಿಂಗಳಲ್ಲಿ ಬರುತ್ತದೆ, ಅಂದರೆ ಅಲ್ಲಿನ ಜೋರು ಮಳೆಯ ನಡುವೆ. ಮಾರಾದ ಹಲವು ಕಡೆ ಇರುವುದು ಕಪ್ಪು ಎರೆಮಣ್ಣು. ವಿಜಯಪುರ, ಗದಗದ ಕಡೆಯವರಿಗೆ ಎರೆನೆಲ ಮಳೆಯಲ್ಲಿ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಹುಲ್ಲು ಆಳೆತ್ತರಕ್ಕೆ ಬೆಳೆದು ಸಿಂಹ ಹತ್ತು ಅಡಿ ದೂರದಲ್ಲಿ ಮಲಗಿದ್ದರೂ ಕಾಣುವುದಿಲ್ಲ. ಕೆಲವು ಕ್ಯಾಂಪುಗಳು ಏಪ್ರಿಲ್‌ನಲ್ಲಿ ಬಾಗಿಲು ಮುಚ್ಚುತ್ತವೆ. ದರ ಕಡಿಮೆ ಎಂಬುದು ನಿಜ, ಬಯಲಿನ ಹಸಿರು ಕಣ್ಣು ತುಂಬುವಂಥದ್ದು ಎಂಬುದೂ ನಿಜ. ಆದರೆ ಜೀವನದಲ್ಲಿ ಒಮ್ಮೆ ಹೋಗುವವರಿಗೆ ನಾನು ಏಪ್ರಿಲ್ ಸೂಚಿಸುವುದಿಲ್ಲ.

ಇನ್ನು ಹಿಂಡಿನ ಸಂಗತಿ. ಸುಮಾರು 13 ಲಕ್ಷ ವೈಲ್ಡ್‌ಬೀಸ್ಟ್‌ಗಳು (ದನದಂತೆ ಕಾಣುವ ದೊಡ್ಡ ಹುಲ್ಲೆಗಳು), ಜೊತೆಗೆ ಎರಡು ಲಕ್ಷದಷ್ಟು ಜೀಬ್ರಾಗಳು, ಲಕ್ಷಗಟ್ಟಲೆ ಗಸೆಲ್ ಜಿಂಕೆಗಳು ವರ್ಷವಿಡೀ ಈ ಬಯಲಿನಲ್ಲಿ ದೊಡ್ಡ ಸುತ್ತು ಹಾಕುತ್ತಿರುತ್ತವೆ. ಈ ಸುತ್ತಿಗೆ ಆರಂಭವೂ ಇಲ್ಲ, ಕೊನೆಯೂ ಇಲ್ಲ. ಜನವರಿಯಿಂದ ಮಾರ್ಚ್‌ವರೆಗೆ ಹಿಂಡು ದಕ್ಷಿಣದ ಎನ್‌ಡುಟು ಸುತ್ತಲಿನ ಗಿಡ್ಡ ಹುಲ್ಲಿನ ಬಯಲಿನಲ್ಲಿರುತ್ತದೆ. ಜ್ವಾಲಾಮುಖಿಯ ಬೂದಿ ಕೂತ ನೆಲ ಅದು. ಹುಲ್ಲಿನಲ್ಲಿ ಸುಣ್ಣದಂಶ, ರಂಜಕ ಹೆಚ್ಚು. ಹಾಲೂಡುವ ತಾಯಂದಿರಿಗೆ ಬೇಕಾದದ್ದೂ ಅದೇ. ಅಲ್ಲಿಯೇ ಫೆಬ್ರುವರಿಯ ಆಸುಪಾಸಿನ ಕೆಲವೇ ವಾರಗಳಲ್ಲಿ ಲಕ್ಷಗಟ್ಟಲೆ ಕರುಗಳು ಹುಟ್ಟುತ್ತವೆ. ಜೋರು ಮಳೆ ಮುಗಿಯುತ್ತಿದ್ದಂತೆ ಹಿಂಡು ವಾಯವ್ಯಕ್ಕೆ ಹೊರಟು ಜೂನ್ ಸುಮಾರಿಗೆ ಗ್ರುಮೇಟಿ ನದಿಯ ಕಡೆಗೂ, ಜುಲೈಯಿಂದ ಅಕ್ಟೋಬರ್‌ವರೆಗೆ ಉತ್ತರ ಸೆರೆಂಗೆಟಿಯ ಕೊಗಟೆಂಡೆ ಮತ್ತು ಮಾಸಾಯಿ ಮಾರಾಕ್ಕೂ ತಲುಪುತ್ತದೆ. ನವೆಂಬರ್‌ನ ಸಣ್ಣ ಮಳೆ ಬಿದ್ದೊಡನೆ ಮತ್ತೆ ದಕ್ಷಿಣಕ್ಕೆ. ಇವೆಲ್ಲ ಸರಾಸರಿ ಲೆಕ್ಕ. ಮಳೆ ಎರಡು ವಾರ ತಡವಾದರೆ ಹಿಂಡೂ ತಡ ಮಾಡುತ್ತದೆ.

ಈಗ ನಮ್ಮ ಕ್ಯಾಲೆಂಡರನ್ನು ಇದರ ಪಕ್ಕಕ್ಕೆ ಇಡಿ. ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್‌ನಲ್ಲಿ ಬರುವ ದಸರಾ ರಜೆ ಒಣಗಾಲದೊಳಗೇ ಬೀಳುತ್ತದೆ: ಹುಲ್ಲು ಗಿಡ್ಡ, ನೀರು ಕೆಲವೇ ಕಡೆ, ಪ್ರಾಣಿಗಳೆಲ್ಲ ಅದರ ಸುತ್ತ. ಮಾರಾ ಅಥವಾ ಉತ್ತರ ಸೆರೆಂಗೆಟಿಗೆ ಇದು ಹೇಳಿ ಮಾಡಿಸಿದ ಸಮಯ. ಡಿಸೆಂಬರ್ ಕೊನೆಯ ರಜೆ ಸಿಕ್ಕರೆ ತಾಂಜಾನಿಯಾದ ದಕ್ಷಿಣ ಬಯಲನ್ನು ಆರಿಸಿ; ಆ ಹೊತ್ತಿಗೆ ಮಾರಾದಿಂದ ಹಿಂಡು ಹೊರಟುಹೋಗಿರುತ್ತದೆ, ಶುಲ್ಕ ಮಾತ್ರ ದುಬಾರಿ ಕಾಲದ್ದೇ ಇರುತ್ತದೆ. ಶಾಲೆಯ ಹಂಗಿಲ್ಲದವರು ಫೆಬ್ರುವರಿಗೆ ಹೋಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕರು ಹುಟ್ಟಿ ಕೆಲವೇ ನಿಮಿಷಗಳಲ್ಲಿ ಎದ್ದು ನಿಲ್ಲುವುದು, ಅದರ ಹಿಂದೆ ಕತ್ತೆಕಿರುಬ, ಚೀತಾ ಹೊಂಚುವುದು, ಇವೆಲ್ಲ ಬಟಾಬಯಲಿನಲ್ಲಿ ಕಣ್ಣೆದುರೇ ನಡೆಯುತ್ತವೆ.

ನದಿ ದಾಟುವ ದೃಶ್ಯಕ್ಕಾಗಿಯೇ ಹೋಗುವವರಿಗೆ ಒಂದು ಮಾತು. ಹಿಂಡು ಮಾರಾ ನದಿಯ ದಂಡೆಗೆ ಬಂದು ಗಂಟೆಗಟ್ಟಲೆ ನಿಂತು, ಕೊನೆಗೆ ಹಿಂದಿರುಗಿಬಿಡುವುದು ಸಾಮಾನ್ಯ. ಇಂಥ ದಿನ ದಾಟುತ್ತದೆ ಎಂದು ಯಾರಾದರೂ ಭರವಸೆ ಕೊಟ್ಟರೆ ಅವರ ಉಳಿದ ಮಾತುಗಳನ್ನೂ ಅನುಮಾನಿಸಿ. ದೃಶ್ಯ ಸಿಕ್ಕರೂ ಅದು ಟಿವಿಯಲ್ಲಿ ಕಂಡ ಹಾಗೆ ಮೊಸಳೆಯ ಕಥೆಯಾಗಿರುವುದಿಲ್ಲ. ಸಾಯುವವುಗಳಲ್ಲಿ ಹೆಚ್ಚಿನವು ನೂಕುನುಗ್ಗಲಿನಲ್ಲಿ ಮುಳುಗಿ ಸಾಯುತ್ತವೆ. ವರ್ಷಕ್ಕೆ ಸರಾಸರಿ 6,000ಕ್ಕೂ ಹೆಚ್ಚು ವೈಲ್ಡ್‌ಬೀಸ್ಟ್‌ಗಳು ಹೀಗೆ ಮುಳುಗುತ್ತವೆಂದೂ, ಆ ಕಳೇಬರಗಳೇ ನದಿಯ ಮೀನಿಗೆ, ರಣಹದ್ದಿಗೆ ಆಹಾರವೆಂದೂ 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ದಂಡೆಯಲ್ಲಿ ಸಾಲುಗಟ್ಟಿದ ವಾಹನಗಳೇ ಹಿಂಡಿನ ದಾರಿಗೆ ಅಡ್ಡವಾಗುವುದೂ ಉಂಟು. ಸಿಕ್ಕರೆ ಅದೃಷ್ಟ. ಇಡೀ ಯೋಜನೆಯನ್ನು ಅದರ ಮೇಲೆ ನಿಲ್ಲಿಸಬೇಡಿ. ಸಿಂಹಗಳು ಹಿಂಡಿನ ಹಿಂದೆ ವಲಸೆ ಹೋಗದೆ ತಮ್ಮ ತಮ್ಮ ಸೀಮೆಯಲ್ಲಿಯೇ ಉಳಿಯುತ್ತವೆ. ಆನೆ, ಜಿರಾಫೆ, ಚಿರತೆ, ಹಿಪ್ಪೊಗಳೂ ಅಷ್ಟೆ. ಹಿಂಡು ಇರಲಿ ಬಿಡಲಿ, ಇವು ಇದ್ದೇ ಇರುತ್ತವೆ.

ಹೆಜ್ಜೆ 2: ಒಂದು ದೇಶ ಸಾಕು

ನಕ್ಷೆಯಲ್ಲಿ ನೋಡಿದರೆ ಮಾರಾ ಮತ್ತು ಸೆರೆಂಗೆಟಿಯ ನಡುವೆ ಒಂದು ಗೆರೆ ಮಾತ್ರ. ವೈಲ್ಡ್‌ಬೀಸ್ಟ್ ಅದನ್ನು ದಾಟುತ್ತದೆ, ಪ್ರವಾಸಿ ದಾಟುವಂತಿಲ್ಲ. ಅಭಯಾರಣ್ಯದೊಳಗಿನ ಸ್ಯಾಂಡ್ ರಿವರ್ ಗೇಟಿನಲ್ಲಿ ಪ್ರವಾಸಿಗರನ್ನು ಆ ಕಡೆಗೆ ಬಿಡುವುದಿಲ್ಲ; ಪಶ್ಚಿಮದ ಇಸೆಬಾನಿಯಾ ಅಥವಾ ಪೂರ್ವದ ನಮಾಂಗಾ ಗಡಿ ಠಾಣೆಗೆ ಸುತ್ತು ಹಾಕಬೇಕು, ವಾಹನ ಬದಲಿಸಬೇಕು, ಎರಡೂ ದೇಶಗಳ ಪ್ರವೇಶ ಅನುಮತಿ ಬೇಕು. ಒಂದು ಪೂರ್ತಿ ದಿನ ಹೋಯಿತು. ಹತ್ತು ದಿನಕ್ಕಿಂತ ಕಡಿಮೆ ಸಮಯವಿದ್ದರೆ ಒಂದು ದೇಶವನ್ನು ಆರಿಸಿಕೊಂಡು ನೆಮ್ಮದಿಯಾಗಿರಿ.

ಮಾಸಾಯಿ ಮಾರಾದ ಮೂಲ ಅಭಯಾರಣ್ಯ ಸುಮಾರು 1,510 ಚದರ ಕಿ.ಮೀ.; ಸೆರೆಂಗೆಟಿ 14,763 ಚದರ ಕಿ.ಮೀ. ಇದರಿಂದಲೇ ಎರಡರ ಸ್ವಭಾವ ತಿಳಿಯುತ್ತದೆ. ಮಾರಾದಲ್ಲಿ ಓಡಾಟ ಕಡಿಮೆ, ಪ್ರಾಣಿಗಳ ಸಾಂದ್ರತೆ ಹೆಚ್ಚು, ವಾಹನಗಳ ಸಾಂದ್ರತೆಯೂ ಹೆಚ್ಚು. ಮಕ್ಕಳಿರುವ, ಐದಾರು ದಿನಗಳ ಪ್ರವಾಸಕ್ಕೆ ಅದು ಸಲೀಸು. ಸೆರೆಂಗೆಟಿಯಲ್ಲಿ ಕಣ್ಣು ಹಾಯುವವರೆಗೂ ಬಯಲು, ಅದರ ಜೊತೆಗೆ ಎನ್‌ಗೊರೊಂಗೊರೊ ಜ್ವಾಲಾಮುಖಿ ಕುಳಿ. ಆದರೆ ಜೀಪಿನೊಳಗೆ ಕಳೆಯುವ ಹೊತ್ತು ದುಪ್ಪಟ್ಟು, ಖರ್ಚೂ ಸಾಮಾನ್ಯವಾಗಿ ಹೆಚ್ಚು.

ಮಾರಾವನ್ನು ಆರಿಸಿದರೆ ಇನ್ನೊಂದು ತೀರ್ಮಾನ ಬಾಕಿ ಇರುತ್ತದೆ. ಅಭಯಾರಣ್ಯದ ಅಂಚಿನಲ್ಲಿ ಮಾರಾ ನಾರ್ತ್, ನಬೊಯಿಶೊ, ಒಲಾರೆ ಮೊಟೊರೊಗಿ ಮುಂತಾದ ಕನ್ಸರ್ವೆನ್ಸಿಗಳಿವೆ. ಮಾಸಾಯಿ ಕುಟುಂಬಗಳ ಜಮೀನನ್ನು ಗುತ್ತಿಗೆಗೆ ಪಡೆದು ವನ್ಯಜೀವಿಗಳಿಗೆ ಬಿಟ್ಟ ಜಾಗ ಇದು. ಬಾಡಿಗೆ ಆ ಕುಟುಂಬಗಳಿಗೆ ಸೇರುತ್ತದೆ. ಕ್ಯಾಂಪುಗಳು, ಹಾಸಿಗೆಗಳು ಮಿತ. ರಸ್ತೆ ಬಿಟ್ಟು ಹುಲ್ಲಿನಲ್ಲಿ ಇಳಿಯಲು, ರಾತ್ರಿ ಸಫಾರಿಗೆ, ಗೈಡ್ ಜೊತೆ ಕಾಲ್ನಡಿಗೆಗೆ ಅವಕಾಶವಿದೆ. ಅಭಯಾರಣ್ಯದೊಳಗೆ ಇವು ಯಾವುವೂ ಇಲ್ಲ. ದರ ಜಾಸ್ತಿ. ಕೈಯಲ್ಲಿರುವ ಹಣದಲ್ಲಿ ಎರಡು ರಾತ್ರಿ ಇಲ್ಲಿ, ಎರಡು ರಾತ್ರಿ ಅಗ್ಗದ ಜಾಗದಲ್ಲಿ ಎಂದು ಹಂಚಿಕೊಂಡರೆ ಎರಡೂ ಅನುಭವ ಸಿಗುತ್ತದೆ.

ಹೆಜ್ಜೆ 3: ದಿನಗಳನ್ನು ಹಂಚುವುದು

ಏಳು ದಿನಗಳಲ್ಲಿ ಐದು ಉದ್ಯಾನ ತೋರಿಸುವ ಪ್ಯಾಕೇಜನ್ನು ಕಂಡರೆ ಪಕ್ಕಕ್ಕಿಡಿ. ಅದು ಐದು ಗೇಟುಗಳ ಪ್ರವಾಸ. ಪ್ರಾಣಿಗಳು ಚುರುಕಾಗಿರುವ ಬೆಳಗಿನ ಮೂರು ಗಂಟೆ, ಸಂಜೆಯ ಎರಡು ಗಂಟೆ ನೀವು ಹೆದ್ದಾರಿಯಲ್ಲಿರುತ್ತೀರಿ. ಒಂದು ಬಯಲಿನಲ್ಲಿ ಕನಿಷ್ಠ ಮೂರು ರಾತ್ರಿ ನಿಂತರೆ ಗೈಡ್‌ಗೆ ನಿನ್ನೆಯ ಸಿಂಹಿಣಿ ಇಂದು ಎಲ್ಲಿರಬಹುದು ಎಂಬ ಅಂದಾಜು ಸಿಗುತ್ತದೆ. ನಿಮಗೂ ನೋಡಿದ್ದನ್ನೇ ಮತ್ತೆ ನೋಡುವ ತಾಳ್ಮೆ ಬರುತ್ತದೆ.

ದಸರಾಕ್ಕೆ ಕೆನ್ಯಾ ಎಂದಾದರೆ ಹೀಗೆ ಹಂಚಬಹುದು: ಬಂದ ದಿನ ನೈರೋಬಿಯಲ್ಲಿ ವಿಶ್ರಾಂತಿ, ಮರುದಿನ ನೈವಾಶಾ ಸರೋವರ, ದೋಣಿಯಲ್ಲಿ ಕುಳಿತು ಹಿಪ್ಪೊ ನೋಡಿ ಒಂದು ರಾತ್ರಿ, ಅಲ್ಲಿಂದ ನರೋಕ್ ಮಾರ್ಗವಾಗಿ ಮಾರಾ, ನಾಲ್ಕು ರಾತ್ರಿ, ಮತ್ತೆ ನೈರೋಬಿ. ನೈರೋಬಿಯಿಂದ ನೇರವಾಗಿ ಮಾರಾಕ್ಕೆ ರಸ್ತೆಯಲ್ಲಿ ಐದಾರು ಗಂಟೆ ಬೇಕು. ಬೆನ್ನುನೋವಿನವರು, ಹಿರಿಯರು ನೈರೋಬಿಯ ವಿಲ್ಸನ್ ವಿಮಾನ ನಿಲ್ದಾಣದಿಂದ ಸಣ್ಣ ವಿಮಾನ ಹಿಡಿಯುವುದೇ ಸರಿ. ಒಂದು ಗಂಟೆಯೊಳಗೆ ಹುಲ್ಲಿನ ರನ್‌ವೇ ಮೇಲೆ ಇಳಿಯುತ್ತೀರಿ. ಆನೆಗಳ ಹಿಂದೆ ಕಿಲಿಮಂಜಾರೊ ಪರ್ವತ ಕಾಣುವ ಅಂಬೊಸೆಲಿ ಉದ್ಯಾನ ಬೇಕೆಂದರೆ ನೈವಾಶಾ ಬಿಡಿ. ಮಾರಾದಿಂದ ಅಂಬೊಸೆಲಿಗೆ ಒಂದೇ ದಿನದಲ್ಲಿ ರಸ್ತೆಯಲ್ಲಿ ಹೋಗುವ ಯೋಜನೆಗೆ ಮಾತ್ರ ಒಪ್ಪಬೇಡಿ.

ಫೆಬ್ರುವರಿಯ ತಾಂಜಾನಿಯಾಕ್ಕೆ ಕಿಲಿಮಂಜಾರೊ ವಿಮಾನ ನಿಲ್ದಾಣದಲ್ಲಿ ಇಳಿದು ಅರೂಶಾದಲ್ಲಿ ಒಂದು ರಾತ್ರಿ. ನಂತರ ಎನ್‌ಡುಟುವಿನಲ್ಲಿ ಮೂರು ರಾತ್ರಿ, ಮಧ್ಯ ಸೆರೆಂಗೆಟಿಯ ಸೆರೊನೆರಾದಲ್ಲಿ ಒಂದೆರಡು ರಾತ್ರಿ. ನದಿಯಂಚಿನ ಮರಗಳ ಕೊಂಬೆಯ ಮೇಲೆ ಚಿರತೆ ಕಾಣುವ ಅವಕಾಶ ಸೆರೊನೆರಾದಲ್ಲಿ ಚೆನ್ನಾಗಿದೆ. ಮರಳುವಾಗ ಕುಳಿಯ ಅಂಚಿನಲ್ಲಿ ಅಥವಾ ಕರಾಟು ಊರಿನಲ್ಲಿ ತಂಗಿ ಬೆಳಗಿನ ಆರಕ್ಕೇ ಕುಳಿಗೆ ಇಳಿಯಿರಿ. ಒಣಗಾಲದಲ್ಲಿ ಹೋಗುವವರು ಮಾತ್ರ ಟರಂಗೀರೆ ಉದ್ಯಾನವನ್ನು ಸೇರಿಸಿಕೊಳ್ಳಿ. ದೈತ್ಯ ಬಾವೊಬಾಬ್ ಮರಗಳ ನಡುವೆ ಆನೆಗಳು ನದಿಗೆ ಇಳಿದು ಬರುವುದು ಆಗಲೇ. ಮಳೆ ಬಿದ್ದ ಮೇಲೆ ಅವು ಚದುರಿಹೋಗುತ್ತವೆ.

ಎನ್‌ಗೊರೊಂಗೊರೊ ಕುಳಿಯ ಬಗ್ಗೆ ಇನ್ನಷ್ಟು ಹೇಳಬೇಕು. ಜ್ವಾಲಾಮುಖಿ ಕುಸಿದು ಉಂಟಾದ ಸುಮಾರು 600 ಮೀಟರ್ ಆಳದ ಬೋಗುಣಿ ಅದು, ತಳದ ವಿಸ್ತಾರ 260 ಚದರ ಕಿ.ಮೀ. ಅಷ್ಟು ಚಿಕ್ಕ ಜಾಗದಲ್ಲಿ ಸಿಂಹ, ಆನೆ, ಕಾಡೆಮ್ಮೆ, ಕತ್ತೆಕಿರುಬ, ಕಪ್ಪು ಖಡ್ಗಮೃಗ ಎಲ್ಲವೂ ಇವೆ. ಜಿರಾಫೆ ಇಲ್ಲ, ಹುಡುಕುತ್ತಾ ಸಮಯ ಕಳೆಯಬೇಡಿ. ಅಂಚು ಸಮುದ್ರಮಟ್ಟದಿಂದ 2,300 ಮೀಟರ್ ಎತ್ತರದಲ್ಲಿರುವುದರಿಂದ ಬೆಳಗಿನ ಚಳಿ ಮೂಳೆಗೆ ತಾಗುತ್ತದೆ. ಊಟಕ್ಕೆ ನಿಲ್ಲಿಸುವ ಎನ್‌ಗೊಯಿಟೊಕಿಟೊಕ್ ಕೊಳದ ಬಳಿ ತಟ್ಟೆ ಹಿಡಿದು ಹೊರಗೆ ನಿಂತಿರೋ, ಹದ್ದುಗಳು ಕೈಯಿಂದಲೇ ತುತ್ತು ಕಸಿಯುತ್ತವೆ. ಜೀಪಿನೊಳಗೇ ತಿನ್ನಿ.

ಹೆಜ್ಜೆ 4: ಹಣ ಎಲ್ಲಿ ಹೋಗುತ್ತದೆ

ಖರ್ಚು ಮೂರು ಕಡೆ ಹೋಗುತ್ತದೆ: ಪ್ರವೇಶ ಶುಲ್ಕ, ವಾಹನ, ತಂಗುವ ಜಾಗ. ಜನ ಚೌಕಾಸಿ ಮಾಡುವುದು ಮೂರನೆಯದರಲ್ಲಿ. ನಿಜವಾಗಿ ಉಳಿತಾಯ ಸಾಧ್ಯವಿರುವುದು ಮೊದಲ ಎರಡರಲ್ಲಿ.

ಮಾಸಾಯಿ ಮಾರಾದಲ್ಲಿ 2024ರಿಂದ ವಿದೇಶಿ ವಯಸ್ಕರಿಗೆ ದಿನಕ್ಕೆ ಜನವರಿಯಿಂದ ಜೂನ್‌ವರೆಗೆ 100 ಡಾಲರ್, ಜುಲೈಯಿಂದ ಡಿಸೆಂಬರ್‌ವರೆಗೆ 200 ಡಾಲರ್. ನಾಲ್ವರು ವಯಸ್ಕರು ಅಕ್ಟೋಬರ್‌ನಲ್ಲಿ ನಾಲ್ಕು ದಿನ ಒಳಗಿದ್ದರೆ ಗೇಟಿನಲ್ಲೇ 3,200 ಡಾಲರ್. ಟಿಕೆಟ್ ಬೆಳಗಿನ ಆರರಿಂದ ಸಂಜೆ ಆರರವರೆಗಿನದು. ಹಾಗಾಗಿ ಮಧ್ಯಾಹ್ನ ಮಾರಾ ತಲುಪುವ ದಿನ ಎರಡು ಗಂಟೆಯ ಸಫಾರಿಗಾಗಿ ಪೂರ್ತಿ ಟಿಕೆಟ್ ತೆಗೆಯುವ ಬದಲು, ಗೇಟಿನ ಹೊರಗಿನ ಕ್ಯಾಂಪಿನಲ್ಲಿ ತಂಗಿ ಮರುದಿನ ನಸುಕಿಗೇ ಒಳಹೋಗುವುದು ಜಾಣತನ. ಕೊನೆಯ ದಿನವೂ ಅಷ್ಟೆ: ಒಳಗೆ ತಂಗಿದ್ದವರು ಬೆಳಗ್ಗೆ ಹತ್ತರೊಳಗೆ ಗೇಟು ದಾಟಬೇಕು, ಇಲ್ಲವಾದರೆ ಇನ್ನೊಂದು ದಿನದ ಶುಲ್ಕ.

ಸೆರೆಂಗೆಟಿಯಲ್ಲಿ ಲೆಕ್ಕವೇ ಬೇರೆ. ಅಲ್ಲಿನ ಟಿಕೆಟ್ 24 ಗಂಟೆಯದು, ಹೆಚ್ಚಿನ ತಿಂಗಳುಗಳಲ್ಲಿ 70 ಡಾಲರ್, ಅದರ ಮೇಲೆ ಶೇ 18 ತೆರಿಗೆ. ಇಂದು ಮಧ್ಯಾಹ್ನ ಒಂದಕ್ಕೆ ನಾಬಿ ಹಿಲ್ ಗೇಟು ಹೊಕ್ಕರೆ ಹೊರಡುವ ದಿನವೂ ಒಂದರೊಳಗೆ ಅದೇ ಗೇಟು ದಾಟಬೇಕು. ಚಾಲಕನಿಗೆ ಇದು ಗೊತ್ತಿರುತ್ತದೆ. ಕೊನೆಯ ದಿನ ಆತ ಗಡಿಯಾರ ನೋಡುತ್ತಾ ಅವಸರ ಮಾಡಿದರೆ ಬೇಸರಿಸಬೇಡಿ, ಉಳಿಸುತ್ತಿರುವುದು ನಿಮ್ಮ ಹಣವನ್ನೇ. ಅರೂಶಾದಿಂದ ಸೆರೆಂಗೆಟಿಗೆ ಹೋಗುವ ರಸ್ತೆ ಎನ್‌ಗೊರೊಂಗೊರೊ ಸಂರಕ್ಷಿತ ಪ್ರದೇಶದ ಮೂಲಕವೇ ಹಾಯುವುದರಿಂದ ಬರೀ ದಾಟಿಹೋಗಲೂ ಅದರ ಶುಲ್ಕ ಕಟ್ಟಬೇಕು. ಕುಳಿಗೆ ಇಳಿಯಲು ಪ್ರತಿ ವಾಹನಕ್ಕೆ ತೆರಿಗೆ ಸೇರಿ 295 ಡಾಲರ್. ಈ ಕೊನೆಯದು ತಲೆಗಲ್ಲ, ವಾಹನಕ್ಕೆ ಎಂಬುದನ್ನು ಗಮನಿಸಿ. ದರಗಳು ಆಗಾಗ ಪರಿಷ್ಕರಣೆಯಾಗುತ್ತವೆ; ಹಣ ಕಟ್ಟುವ ಮುನ್ನ ಆ ವರ್ಷದ ಪಟ್ಟಿಯನ್ನು ಕೇಳಿ ಪಡೆಯಿರಿ.

ವಾಹನವೂ ಹಾಗೆಯೇ. ಲ್ಯಾಂಡ್ ಕ್ರೂಸರ್, ಇಂಧನ, ಚಾಲಕ ಸೇರಿ ದಿನಕ್ಕೆ 200ರಿಂದ 300 ಡಾಲರ್ ಬೀಳುತ್ತದೆ. ಇಬ್ಬರು ಕೂತರೂ ಅಷ್ಟೇ, ಐವರು ಕೂತರೂ ಅಷ್ಟೇ. ಎರಡು ಚಿಕ್ಕ ಕುಟುಂಬಗಳು ಕೂಡಿ ಹೊರಟರೆ ಉಳಿಯುವ ಮೊತ್ತ ದೊಡ್ಡದು. ಆದರೆ ಐದು ಜನರಿಗಿಂತ ಹೆಚ್ಚು ತುಂಬಬೇಡಿ. ಕಿಟಕಿ ಸಿಗದವರಿಗೆ ಸಫಾರಿ ಎಂದರೆ ಮುಂದಿನವರ ಬೆನ್ನು. ಯಾರ ಜೊತೆ ಹೋಗುತ್ತೀರಿ ಎಂಬುದನ್ನೂ ಯೋಚಿಸಿ: ಹಕ್ಕಿ ನೋಡುವವರು ಮತ್ತು ಸಿಂಹ ಮಾತ್ರ ಸಾಕೆನ್ನುವವರು ಒಂದೇ ಜೀಪಿನಲ್ಲಿ ಮೂರನೆಯ ದಿನ ಮಾತು ಬಿಡುತ್ತಾರೆ.

ಇದೆಲ್ಲ ಕೂಡಿದರೆ, ಮಾರಾದಲ್ಲಿ 200 ಡಾಲರ್ ಶುಲ್ಕವಿರುವ ತಿಂಗಳುಗಳನ್ನು ಹೊರತುಪಡಿಸಿ, ವಿಮಾನ ಬಿಟ್ಟು ಒಬ್ಬರಿಗೆ ದಿನಕ್ಕೆ 250ರಿಂದ 350 ಡಾಲರ್‌ಗೆ ಸಾಧಾರಣ ಟೆಂಟ್ ಕ್ಯಾಂಪಿನ, ವಾಹನ ಹಂಚಿಕೊಂಡ ಸಫಾರಿ ಸಾಧ್ಯ. 500ರ ಆಸುಪಾಸಿನಲ್ಲಿ ಚೆನ್ನಾದ ಲಾಡ್ಜ್. ಅದರ ಮೇಲೆ ಮಿತಿಯಿಲ್ಲ. ಸ್ನಾನದ ತೊಟ್ಟಿಯಿರುವ ಟೆಂಟಿಗೆ ಕೊಡುವ ಹೆಚ್ಚುವರಿ ಹಣದಲ್ಲಿ ಇನ್ನೊಂದು ರಾತ್ರಿ ಬಯಲಿನಲ್ಲಿ ಉಳಿಯಬಹುದಾದರೆ ನಾನು ರಾತ್ರಿಯನ್ನೇ ಆರಿಸುತ್ತೇನೆ.

ಹೆಜ್ಜೆ 5: ಗೈಡ್ ಮತ್ತು ಏಜೆನ್ಸಿ

ಸಫಾರಿ ಚೆನ್ನಾಗುವುದೂ ಕೆಡುವುದೂ ಚಾಲಕ-ಗೈಡ್‌ನಿಂದ. ಕೆನ್ಯಾದಲ್ಲಿ ವೃತ್ತಿಪರ ಗೈಡ್‌ಗಳ ಸಂಘವು ಪರೀಕ್ಷೆ ನಡೆಸಿ ಕಂಚು, ಬೆಳ್ಳಿ, ಚಿನ್ನ ಎಂಬ ಮೂರು ದರ್ಜೆ ಕೊಡುತ್ತದೆ. ಬೆಳ್ಳಿ ದರ್ಜೆಯವರು ಸಿಕ್ಕರೆ ಬಿಡಬೇಡಿ. ಏಜೆನ್ಸಿ ಕೆನ್ಯಾದ್ದಾದರೆ ಅಲ್ಲಿನ ಪ್ರವಾಸ ನಿರ್ವಾಹಕರ ಸಂಘ ಕಾಟೊದ, ತಾಂಜಾನಿಯಾದ್ದಾದರೆ ಟಾಟೊದ ಸದಸ್ಯತ್ವ ಇದೆಯೇ ಎಂದು ಸಂಘದ ಪಟ್ಟಿಯಲ್ಲೇ ನೋಡಿ. ಬೆಂಗಳೂರಿನ ಏಜೆಂಟರ ಮೂಲಕ ಹೋದರೂ ಕೊನೆಗೆ ನಿಮ್ಮನ್ನು ಓಡಾಡಿಸುವುದು ನೈರೋಬಿ ಅಥವಾ ಅರೂಶಾದ ಕಂಪನಿಯೇ. ಅದು ಯಾವುದೆಂದು ಕೇಳುವ ಹಕ್ಕು ನಿಮಗಿದೆ.

ಮೂರು ಕಡೆಯಿಂದ ದರಪಟ್ಟಿ ತರಿಸಿ, ಎಲ್ಲರಿಗೂ ಒಂದೇ ಪ್ರಶ್ನೆಗಳನ್ನು ಬರಹದಲ್ಲಿ ಕೇಳಿ. ಪ್ರವೇಶ ಶುಲ್ಕ, ತೆರಿಗೆ, ಕುಳಿಯ ಶುಲ್ಕ ಸೇರಿದೆಯೇ? ವಾಹನ ಲ್ಯಾಂಡ್ ಕ್ರೂಸರೋ ವ್ಯಾನೋ, ನಮಗೆ ಮಾತ್ರವೋ ಹಂಚಿಕೆಯೋ? ಸುತ್ತಾಟಕ್ಕೆ ಕಿಲೋಮೀಟರ್ ಅಥವಾ ಗಂಟೆಯ ಮಿತಿ ಇದೆಯೇ? ತಂಗುವ ಜಾಗದ ಹೆಸರೇನು, ಅದು ಗೇಟಿನ ಒಳಗೋ ಹೊರಗೋ? ‘ಅಥವಾ ತತ್ಸಮಾನ ಹೋಟೆಲ್’ ಎಂಬ ಸಾಲು ಇದ್ದರೆ ಆ ತತ್ಸಮಾನ ಯಾವುದೆಂದು ಹೆಸರು ಹೇಳಿಸಿ. ಎಲ್ಲರಿಗಿಂತ ಬಹಳ ಅಗ್ಗದ ದರ ಬಂದಿದ್ದರೆ ಗೇಟಿನ ಶುಲ್ಕವನ್ನು ಎಲ್ಲೋ ಬಿಟ್ಟಿದ್ದಾರೆಂದೇ ಅರ್ಥ, ಏಕೆಂದರೆ ಸರ್ಕಾರಿ ಶುಲ್ಕ ಎಲ್ಲರಿಗೂ ಒಂದೇ.

ದಸರಾ ಅಥವಾ ಫೆಬ್ರುವರಿಗೆ ಎಂಟು–ಹತ್ತು ತಿಂಗಳು ಮೊದಲೇ ಕಾಯ್ದಿರಿಸಿ. ಒಳ್ಳೆಯ ಕ್ಯಾಂಪುಗಳು ಚಿಕ್ಕವು, ಹತ್ತು ಹದಿನೈದು ಟೆಂಟುಗಳಷ್ಟೇ.

ಹೆಜ್ಜೆ 6: ಕಾಗದಪತ್ರ ಮತ್ತು ಆರೋಗ್ಯ

ಕೆನ್ಯಾಕ್ಕೆ 2024ರ ಜನವರಿಯಿಂದ ವೀಸಾ ಬದಲಿಗೆ ಆನ್‌ಲೈನ್ ಪ್ರಯಾಣ ಅನುಮತಿ. ತಾಂಜಾನಿಯಾಕ್ಕೆ ಇ-ವೀಸಾ, ಸಾಮಾನ್ಯ ಪ್ರವಾಸಿಗೆ 50 ಡಾಲರ್. ಎರಡಕ್ಕೂ ಸರ್ಕಾರಿ ಜಾಲತಾಣವನ್ನೇ ಬಳಸಿ. ಅದೇ ಹೆಸರನ್ನು ಹೋಲುವ, ದುಪ್ಪಟ್ಟು ವಸೂಲಿ ಮಾಡುವ ತಾಣಗಳು ಹುಡುಕಾಟದಲ್ಲಿ ಮೊದಲು ಕಾಣಿಸುತ್ತವೆ. ಪಾಸ್‌ಪೋರ್ಟ್‌ಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಲಿ.

ಹಳದಿ ಜ್ವರದ ಲಸಿಕೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕೆನ್ಯಾ ಆ ರೋಗದ ಅಪಾಯವಿರುವ ದೇಶಗಳ ಪಟ್ಟಿಯಲ್ಲಿದೆ. ಅಲ್ಲಿಂದ ಭಾರತಕ್ಕೆ ಮರಳುವವರ ಬಳಿ ಪ್ರಮಾಣಪತ್ರ ಇಲ್ಲದಿದ್ದರೆ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಕೆನ್ಯಾದಿಂದ ತಾಂಜಾನಿಯಾಕ್ಕೆ ಹೋಗುವವರಿಂದಲೂ ಕೇಳುತ್ತಾರೆ. ಲಸಿಕೆ ಸಿಗುವುದು ಕೇಂದ್ರ ಆರೋಗ್ಯ ಸಚಿವಾಲಯ ಅಧಿಕೃತಗೊಳಿಸಿದ ಕೇಂದ್ರಗಳಲ್ಲಿ ಮಾತ್ರ, ಅದೂ ನಿಗದಿತ ದಿನಗಳಲ್ಲಿ. ಪ್ರಮಾಣಪತ್ರ ಜಾರಿಗೆ ಬರುವುದು ಚುಚ್ಚಿಸಿಕೊಂಡ ಹತ್ತು ದಿನಗಳ ನಂತರ. ಆಮೇಲೆ ಜೀವನಪೂರ್ತಿ ಸಾಲುತ್ತದೆ. ಇದು ಜೀವಂತ ವೈರಾಣುವಿನ ಲಸಿಕೆಯಾದ್ದರಿಂದ ಅರುವತ್ತು ದಾಟಿದವರು, ಗರ್ಭಿಣಿಯರು, ಮೊಟ್ಟೆಯ ಅಲರ್ಜಿ ಇರುವವರು, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧ ತೆಗೆದುಕೊಳ್ಳುವವರು ಮೊದಲು ವೈದ್ಯರನ್ನು ಕಾಣಬೇಕು. ಅಪ್ಪ ಅಮ್ಮನನ್ನು ಕರೆದೊಯ್ಯುವವರು ಟಿಕೆಟ್ ಕೊಳ್ಳುವ ಮುಂಚೆಯೇ ಈ ಮಾತನ್ನು ಮುಗಿಸಿಕೊಳ್ಳಿ.

ಮಲೇರಿಯಾ ತಡೆಯುವ ಮಾತ್ರೆಯನ್ನು ಹೊರಡುವ ಮೊದಲೇ ಶುರು ಮಾಡಿ ಬಂದ ನಂತರವೂ ಕೆಲಕಾಲ ಮುಂದುವರಿಸಬೇಕಾಗುತ್ತದೆ. ಯಾವುದು, ಎಷ್ಟು ಎಂಬುದನ್ನು ವೈದ್ಯರು ಹೇಳಲಿ. ಬಂದ ಮೇಲೆ ವಾರಗಳ ನಂತರ ಜ್ವರ ಬಂದರೂ ಆಫ್ರಿಕಾಕ್ಕೆ ಹೋಗಿದ್ದನ್ನು ವೈದ್ಯರಿಗೆ ತಿಳಿಸಿ. ವಿಮೆಯಲ್ಲಿ ವಿಮಾನದ ಮೂಲಕ ಆಸ್ಪತ್ರೆಗೆ ಸಾಗಿಸುವ ವೆಚ್ಚ ಸೇರಿರಲೇಬೇಕು. ಬಯಲಿನ ನಡುವೆ ಕಾಲು ಮುರಿದರೆ ಆಂಬುಲೆನ್ಸ್ ಬರುವುದು ಆಕಾಶದಿಂದ. ನೈರೋಬಿಯ ಆಮ್ರೆಫ್ ಫ್ಲೈಯಿಂಗ್ ಡಾಕ್ಟರ್ಸ್ ಸಂಸ್ಥೆ ಪ್ರವಾಸಿಗರಿಗಾಗಿ ಅಲ್ಪಾವಧಿಯ ಸದಸ್ಯತ್ವ ಕೊಡುತ್ತದೆ.

ಹೆಜ್ಜೆ 7: ಚೀಲ

ಸಣ್ಣ ವಿಮಾನದಲ್ಲಿ ಒಬ್ಬರಿಗೆ 15 ಕೆಜಿ, ಅದೂ ಚಕ್ರವಿಲ್ಲದ ಮೆತ್ತನೆಯ ಚೀಲದಲ್ಲಿ. ಗಟ್ಟಿ ಸೂಟ್‌ಕೇಸ್ ಆ ವಿಮಾನದ ಹೊಟ್ಟೆಯೊಳಗೆ ಹಿಡಿಸುವುದೇ ಇಲ್ಲ. ಪ್ಲಾಸ್ಟಿಕ್ ಕೈಚೀಲಗಳನ್ನು ಕೆನ್ಯಾ 2017ರಲ್ಲಿ, ತಾಂಜಾನಿಯಾ 2019ರಲ್ಲಿ ನಿಷೇಧಿಸಿವೆ. ಚಟ್ನಿಪುಡಿಯನ್ನು ಡಬ್ಬಿಗೆ ಹಾಕಿಕೊಳ್ಳಿ.

ಬಟ್ಟೆ ಮಣ್ಣಿನ ಬಣ್ಣದ್ದಿರಲಿ, ನೀಲಿ ಮತ್ತು ಕಪ್ಪು ಬೇಡ. ಸೆತ್ಸೆ ನೊಣಗಳಿಗೆ ಆ ಎರಡು ಬಣ್ಣಗಳ ಮೇಲೆ ವಿಪರೀತ ಪ್ರೀತಿ. ದಾರಿಯಲ್ಲಿ ಮರಕ್ಕೆ ನೇತುಹಾಕಿದ ನೀಲಿ-ಕಪ್ಪು ಬಟ್ಟೆ ಕಂಡರೆ ಅದು ಅವುಗಳಿಗೆ ಒಡ್ಡಿದ ಬಲೆ. ಕಚ್ಚಿದರೆ ಜೀನ್ಸ್ ಬಟ್ಟೆಯ ಮೂಲಕವೂ ಉರಿಯುತ್ತದೆ. ಸೈನಿಕರ ಚಿತ್ತಾರದ ಬಟ್ಟೆಯೂ ಬೇಡ. ಸಮಭಾಜಕದ ನಾಡು ಎಂದು ಸ್ವೆಟರ್ ಬಿಟ್ಟುಹೋಗುವವರು ಮೊದಲ ಬೆಳಗ್ಗೆಯೇ ಪಶ್ಚಾತ್ತಾಪ ಪಡುತ್ತಾರೆ. ಮಾರಾ 1,500 ಮೀಟರ್‌ಗಿಂತ ಎತ್ತರದಲ್ಲಿದೆ. ಬೆಳಗಿನ ಆರಕ್ಕೆ ಮೇಲ್ಛಾವಣಿ ತೆರೆದ ಜೀಪಿನಲ್ಲಿ ಗಾಳಿಗೆ ನಿಂತಾಗ ಕಿವಿ ಮುಚ್ಚುವ ಟೋಪಿ ಬೇಕೆನಿಸುತ್ತದೆ.

ಕ್ಯಾಮೆರಾಗಿಂತ ಮೊದಲು ದುರ್ಬೀನು ಕೊಳ್ಳಿ, ಮನೆಮಂದಿಗೆಲ್ಲ ಒಂದಲ್ಲ, ತಲೆಗೊಂದು. 8x42 ಅಳತೆಯದು ಸಾಕು. ಫೋಟೊ ತೆಗೆಯುವವರಿಗೆ 100–400 ಮಿ.ಮೀ. ಲೆನ್ಸ್ ಬಹುಪಾಲು ಕೆಲಸ ಮಾಡುತ್ತದೆ. ಖಾಲಿ ಬಟ್ಟೆಯ ಚೀಲ ಒಯ್ದು ಅಲ್ಲಿ ಅಕ್ಕಿ ತುಂಬಿಸಿ ಕಿಟಕಿಯ ಮೇಲೆ ಇಟ್ಟರೆ ಅದೇ ಆಸರೆ. ಧೂಳು ಎಲ್ಲಕ್ಕೂ ನುಗ್ಗುವುದರಿಂದ ಬಯಲಿನಲ್ಲಿ ಲೆನ್ಸ್ ಬದಲಿಸಬೇಡಿ. ಡ್ರೋನ್ ಮನೆಯಲ್ಲೇ ಇರಲಿ. ಪ್ಲಗ್ ಬ್ರಿಟಿಷ್ ಮಾದರಿಯ ಚೌಕ ಮೂರು ಕಡ್ಡಿಯದು.

ಊಟದ ಚಿಂತೆ ನಮ್ಮವರು ಪಡುವಷ್ಟು ಬೇಕಾಗಿಲ್ಲ. ಒಂದು ಶತಮಾನಕ್ಕೂ ಮೀರಿದ ಭಾರತೀಯರ ನಂಟಿನಿಂದಾಗಿ ಚಪಾತಿ, ಚಹಾ ಅಲ್ಲಿನವರ ದಿನನಿತ್ಯದ ಆಹಾರವೇ ಆಗಿವೆ. ಹುರುಳಿಕಾಯಿ ಬೀಜದ ಸಾರು, ಸೊಪ್ಪಿನ ಪಲ್ಯ, ಮೆಕ್ಕೆಜೋಳದ ಹಿಟ್ಟಿನ ಮುದ್ದೆಯಾದ ಉಗಾಲಿ ಎಲ್ಲೆಡೆ ಸಿಗುತ್ತವೆ. ಉಗಾಲಿಯನ್ನು ಕೈಯಲ್ಲಿ ಉಂಡೆ ಕಟ್ಟಿ ಸಾರಿಗೆ ಅದ್ದುವಾಗ ಮಂಡ್ಯದವರಿಗೆ ತಮ್ಮೂರು ನೆನಪಾಗದೆ ಇರದು. ಸಸ್ಯಾಹಾರಿಗಳು, ಈರುಳ್ಳಿ ಬೆಳ್ಳುಳ್ಳಿ ತಿನ್ನದವರು ಕಾಯ್ದಿರಿಸುವಾಗಲೇ ಬರೆದು ತಿಳಿಸಿ, ವಿಶೇಷವಾಗಿ ಮಧ್ಯಾಹ್ನದ ಡಬ್ಬಿಯ ಬಗ್ಗೆ.

ಹೆಜ್ಜೆ 8: ಬಯಲಿನಲ್ಲಿ ಕಣ್ಣು ಬಿಡುವುದು

ನಾಗರಹೊಳೆ, ಬಂಡೀಪುರದಲ್ಲಿ ಸಫಾರಿ ಮಾಡಿದವರಿಗೆ ಒಂದು ಅಭ್ಯಾಸ ಇರುತ್ತದೆ: ವಾಹನ ನಿಲ್ಲಿಸಿ, ಜಿಂಕೆಯ, ಮುಸುವದ ಎಚ್ಚರಿಕೆಯ ಕೂಗಿಗೆ ಕಿವಿಗೊಡುವುದು. ಸವನ್ನಾದಲ್ಲಿ ಕೆಲಸ ಕಣ್ಣಿನದು. ಗಸೆಲ್‌ಗಳೆಲ್ಲ ಮೇಯುವುದು ಬಿಟ್ಟು ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಿದ್ದರೆ, ಜಿರಾಫೆ ಕದಲದೆ ಒಂದೇ ಕಡೆ ನೋಡುತ್ತಿದ್ದರೆ, ಆ ದಿಕ್ಕನ್ನು ದುರ್ಬೀನಿನಲ್ಲಿ ಇಂಚಿಂಚಾಗಿ ಹುಡುಕಿ. ರಣಹದ್ದುಗಳು ಎತ್ತರದಲ್ಲಿ ಸುತ್ತುತ್ತಿದ್ದರೆ ಬಿಸಿಗಾಳಿಯ ಮೇಲೆ ತೇಲುತ್ತಿವೆಯಷ್ಟೆ. ರೆಕ್ಕೆ ಮಡಚಿ, ಕಾಲು ಇಳಿಬಿಟ್ಟು ಒಂದರ ಹಿಂದೊಂದು ಕೆಳಗಿಳಿಯುತ್ತಿದ್ದರೆ ಅಲ್ಲಿ ಬೇಟೆ ಬಿದ್ದಿದೆ. ಅವು ಸುತ್ತಲಿನ ಮರಗಳ ಮೇಲೆ ಕೂತು ಕಾಯುತ್ತಿದ್ದರೆ ಬೇಟೆಯ ಒಡೆಯ ಇನ್ನೂ ಅಲ್ಲೇ ಇದ್ದಾನೆ ಎಂದು ಲೆಕ್ಕ. ಚಿರತೆಯನ್ನು ಹುಡುಕುವಾಗ ಎಲೆಗಳ ನಡುವೆ ಚುಕ್ಕೆ ಅರಸಬೇಡಿ, ಅಡ್ಡ ಕೊಂಬೆಯಿಂದ ನೇತಾಡುವ ಬಾಲವನ್ನು ಅರಸಿ.

ಸಿಂಹ ದಿನಕ್ಕೆ ಇಪ್ಪತ್ತು ಗಂಟೆಯವರೆಗೆ ಮಲಗುವ ಪ್ರಾಣಿ. ಗೇಟು ತೆರೆಯುವ ಹೊತ್ತಿಗೆ ಅಲ್ಲಿರಬೇಕೆಂದು ಹಿಂದಿನ ರಾತ್ರಿಯೇ ಗೈಡ್‌ಗೆ ಹೇಳಿ, ಬೆಳಗಿನ ತಿಂಡಿಯನ್ನು ಕಟ್ಟಿಸಿಕೊಳ್ಳಿ. ಚೀತಾ ಮಾತ್ರ ಹಗಲು ಬೇಟೆಯಾಡುತ್ತದೆ. ಎತ್ತರದ ಹುತ್ತದ ಮೇಲೆ ನಿಂತು ಬಯಲನ್ನು ನೋಡುವುದು ಅದರ ರೂಢಿ. 1952ರಲ್ಲಿ ಭಾರತದಿಂದ ಅಳಿದುಹೋಯಿತೆಂದು ಘೋಷಿಸಲಾದ, 2022ರಲ್ಲಿ ನಮೀಬಿಯಾದಿಂದ ಕುನೊಗೆ ತರಲಾದ ಪ್ರಾಣಿ ಇದೇ. ಅದು ಹೊಂಚುತ್ತಿರುವಾಗ ನಡುವೆ ವಾಹನ ನುಗ್ಗಿಸಿದರೆ ಅದರ ಅಂದಿನ ಊಟ ಹೋಯಿತು. ಹತ್ತಿರ ಹೋಗೋಣ ಎಂದು ಗೈಡ್‌ಗೆ ದುಂಬಾಲು ಬೀಳಬೇಡಿ. ಬಖ್ಶೀಸಿನ ಆಸೆಗೆ ಆತ ನಿಯಮ ಮುರಿಯಬಹುದು, ಸಿಕ್ಕಿಬಿದ್ದರೆ ಕೆಲಸ ಕಳೆದುಕೊಳ್ಳುವವನು ಆತನೇ. ಮಾರಾದಲ್ಲಿ ಬೇಟೆಯಾಡುವ ಒಂದು ಪ್ರಾಣಿಯ ಸುತ್ತ ಐದಕ್ಕಿಂತ ಹೆಚ್ಚು ವಾಹನ ಇರಬಾರದೆಂಬ ನಿಯಮವಿದೆ. ಗೈಡ್ ತಾನಾಗಿ ಹಿಂದೆ ಸರಿದರೆ ಒಳ್ಳೆಯ ಗೈಡ್ ಸಿಕ್ಕಿದ್ದಾನೆಂದು ತಿಳಿಯಿರಿ.

ವೈರ್‌ಲೆಸ್‌ನಲ್ಲಿ ಚಾಲಕರು ಸ್ವಾಹಿಲಿಯಲ್ಲಿ ಮಾತಾಡಿಕೊಳ್ಳುತ್ತಾರೆ. ಸಿಂಬಾ ಎಂದರೆ ಸಿಂಹ, ಚುಯಿ ಚಿರತೆ, ಡುಮಾ ಚೀತಾ, ಟೆಂಬೊ ಆನೆ, ಕಿಫಾರು ಖಡ್ಗಮೃಗ, ಫಿಸಿ ಕತ್ತೆಕಿರುಬ. ಇಷ್ಟು ಕಲಿತ ಮಕ್ಕಳು ಗೈಡ್ ಬಾಯಿ ಬಿಡುವ ಮೊದಲೇ ಸುದ್ದಿ ಹೇಳುತ್ತಾರೆ. ಆದರೆ ಪ್ರತಿ ಸುದ್ದಿಗೂ ಓಡಬೇಕಾಗಿಲ್ಲ. ಒಂದು ದಿನವಾದರೂ ಒಂದೇ ಹಿಪ್ಪೊ ಮಡುವಿನ ಪಕ್ಕ ಅಥವಾ ಒಂದೇ ಆನೆಗುಂಪಿನ ಬಳಿ ಎಂಜಿನ್ ಆರಿಸಿ ಒಂದು ಗಂಟೆ ಕುಳಿತುಕೊಳ್ಳಿ.

ಹೆಜ್ಜೆ 9: ಮರಳುವುದು

ಗೈಡ್‌ಗೆ ಇಡೀ ವಾಹನದ ಪರವಾಗಿ ದಿನಕ್ಕೆ 15–20 ಡಾಲರ್ ಬಖ್ಶೀಸು ಕೊಡುವುದು ರೂಢಿ, ಕ್ಯಾಂಪಿನ ಸಿಬ್ಬಂದಿಗೆ ಬೇರೆ ಪೆಟ್ಟಿಗೆ ಇರುತ್ತದೆ. ಡಾಲರ್ ನೋಟುಗಳು ಹೊಸವಿರಲಿ. ಹಳೆಯ ವರ್ಷದ, ಹರಿದ ನೋಟನ್ನು ಅಲ್ಲಿ ಯಾರೂ ಮುಟ್ಟುವುದಿಲ್ಲ. ದಂತ, ಚಿಪ್ಪು, ಚರ್ಮ, ಗರಿ ಯಾವುದನ್ನೂ ಕೊಳ್ಳಬೇಡಿ, ನೆಲದಲ್ಲಿ ಬಿದ್ದದ್ದನ್ನೂ ಎತ್ತಿಕೊಳ್ಳಬೇಡಿ. ಮಾರಾದಿಂದ ಹೊರಟ ದಿನವೇ ರಾತ್ರಿಯ ವಿಮಾನ ಹಿಡಿಯುವ ಸಾಹಸ ರಸ್ತೆಯಲ್ಲಿ ಹೋಗುವವರಿಗೆ ಬೇಡ. ನರೋಕ್ ದಾರಿಯಲ್ಲಿ ಒಂದು ಲಾರಿ ಕೆಟ್ಟು ನಿಂತರೆ ಸಾಕು, ಕಣಿವೆಯ ಏರಿನಲ್ಲಿ ಸಾಲು ಬೆಳೆಯುತ್ತದೆ. ನೈರೋಬಿಯಲ್ಲಿ ಒಂದು ರಾತ್ರಿ ಕಳೆದು ಹೊರಡಿ. ಮತ್ತು ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರವನ್ನು ದೊಡ್ಡ ಚೀಲಕ್ಕೆ ತುರುಕದೆ ಕೈಚೀಲದಲ್ಲಿ ಪಾಸ್‌ಪೋರ್ಟ್ ಜೊತೆಗೇ ಇಟ್ಟುಕೊಳ್ಳಿ. ಭಾರತದಲ್ಲಿ ಇಳಿದಾಗ ಆರೋಗ್ಯ ತಪಾಸಣೆಯ ಮೇಜು ಬರುವುದು ಲಗೇಜು ಸಿಗುವುದಕ್ಕಿಂತ ಮೊದಲು.